ಸೊಂಟದೆತ್ತರದ ಬೆಳಕು: ಕಲಬುರಗಿಯ ರಾತ್ರಿ ನಡಿಗೆಯಲ್ಲಿ ಬ್ಯಾಟರಿ ಹಿಡಿದ ನನ್ನ ಅನುಭವ

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ಹಗಲು 40 ಡಿಗ್ರಿ ದಾಟುವುದು ಯಾರಿಗೂ ಹೊಸತಲ್ಲ. ಸೂರ್ಯ ಮುಳುಗಿದ ಮೇಲೂ ಡಾಂಬರು ರಸ್ತೆ, ಮನೆಯ ಗೋಡೆ, ಅಂಗಳಕ್ಕೆ ಹಾಸಿದ ಶಹಾಬಾದ ಕಲ್ಲು ಎಲ್ಲವೂ ಒಲೆಯಿಂದ ಇಳಿಸಿದ ಹಂಚಿನಂತೆ ಬಹಳ ಹೊತ್ತು ಕಾವು ಬಿಡುತ್ತಲೇ ಇರುತ್ತವೆ. ರಕ್ತದಲ್ಲಿ ಸಕ್ಕರೆ ಏರಿದೆ, ದಿನಕ್ಕೆ ಮುಕ್ಕಾಲು ಗಂಟೆ ನಡೆಯಲೇಬೇಕು ಎಂದು ವೈದ್ಯರು ಹೇಳಿದಾಗ ನನಗೆ ಉಳಿದಿದ್ದುದು ರಾತ್ರಿಯ ಹೊತ್ತು ಮಾತ್ರ. ಬೆಳಗಿನ ಜಾವ ನಳದ ನೀರು ಹಿಡಿಯುವುದು, ಮಕ್ಕಳ ಶಾಲೆ, ಆಮೇಲೆ ಬ್ಯಾಂಕಿನ ಕೆಲಸ; ಸಂಜೆ ಮನೆಗೆ ಮರಳುವಾಗ ರಸ್ತೆ ಇನ್ನೂ ಸುಡುತ್ತಿರುತ್ತದೆ. ಹೀಗಾಗಿ ನಾಲ್ಕು ವರ್ಷಗಳಿಂದ ರಾತ್ರಿ ಒಂಬತ್ತಕ್ಕೆ ಮನೆ ಬಿಟ್ಟು, ಸೇಡಂ ರಸ್ತೆಯ ಕಡೆಗೆ ಸುಮಾರು ಐದು ಕಿಲೋಮೀಟರು ನಡೆದು, ನಡುನಡುವೆ ಸ್ವಲ್ಪ ಓಡಿ, ಬರುತ್ತಿದ್ದೇನೆ. ಈ ನಾಲ್ಕು ವರ್ಷಗಳಲ್ಲಿ ನಾನು ನಿಧಾನವಾಗಿ ಕಲಿತದ್ದು ಒಂದೇ ಸಂಗತಿ: ಕೈಯಲ್ಲಿರುವ ಬ್ಯಾಟರಿ ಎಷ್ಟು ಪ್ರಖರವಾಗಿದೆ ಎನ್ನುವುದಕ್ಕಿಂತ ಅದನ್ನು ಎಷ್ಟು ಎತ್ತರದಲ್ಲಿ ಹಿಡಿದಿದ್ದೇವೆ ಎನ್ನುವುದು ಮುಖ್ಯ.

ಮೊದಲ ಆರು ತಿಂಗಳು ನಾನು ಬಳಸಿದ್ದು ಮೊಬೈಲಿನ ಬೆಳಕನ್ನು. ಅದು ಎಲ್ಲ ದಿಕ್ಕಿಗೂ ಹರಡಿ ಎರಡು ಮೂರು ಮೀಟರಿನಾಚೆಗೆ ಕ್ಷೀಣಿಸುತ್ತದೆ. ಗಂಟೆಗೆ ಎಂಟು ಕಿಲೋಮೀಟರು ವೇಗದಲ್ಲಿ ಮೆಲ್ಲಗೆ ಓಡುವವನು ಸಹ ಒಂದು ಸೆಕೆಂಡಿಗೆ ಎರಡು ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತಾನೆ. ಕಣ್ಣು ಕಂಡು, ಮನಸ್ಸು ಅರಿತು, ಕಾಲು ತಡೆಯುವ ಹೊತ್ತಿಗೆ ಆ ಎರಡು ಮೂರು ಮೀಟರು ಮುಗಿದೇ ಹೋಗಿರುತ್ತದೆ. ಒಂದು ರಾತ್ರಿ ನಮ್ಮ ಬಡಾವಣೆಯ ಅಂಚಿನಲ್ಲೇ ಹೀಗಾಯಿತು. ಚರಂಡಿಯ ಮೇಲೆ ಮುಚ್ಚಿದ್ದ ಶಹಾಬಾದ ಕಲ್ಲುಗಳಲ್ಲಿ ಒಂದು ಇರಲಿಲ್ಲ. ಬೀದಿದೀಪದ ಕೆಳಗೆ ಬೇವಿನ ಮರದ ನೆರಳು ಹರಡಿಕೊಂಡಿತ್ತು, ಆ ಕಪ್ಪು ಚೌಕವನ್ನೂ ನಾನು ನೆರಳೆಂದೇ ಭಾವಿಸಿ ಕಾಲಿಟ್ಟೆ. ಮೊಣಕಾಲು ಸುಲಿಯಿತು, ಎಡಗೈ ಮಣಿಕಟ್ಟು ಮೂರು ವಾರ ಬಾತುಕೊಂಡಿತ್ತು, ಮೊಬೈಲು ಚರಂಡಿಯ ಪಾಲಾಯಿತು. ಮನೆಗೆ ಫೋನು ಮಾಡಬೇಕಾದ ಹೊತ್ತಿನಲ್ಲಿ ಫೋನೇ ಇಲ್ಲದಂತಾದದ್ದು ನೋವಿಗಿಂತ ಹೆಚ್ಚು ಕಾಡಿತು. ಅಂದಿನಿಂದ ಮೊಬೈಲನ್ನು ಜೇಬಿನಲ್ಲಿಟ್ಟು ಬೆಳಕಿಗೆ ಬೇರೆ ಸಾಧನವನ್ನೇ ಒಯ್ಯುತ್ತೇನೆ.

ಆ ಗುಂಡಿಯನ್ನು ಮರುವಾರ ಮತ್ತೆ ನೋಡಲು ಹೋದಾಗ ಒಂದು ವಿಷಯ ಹೊಳೆಯಿತು. ಬೀದಿದೀಪ ಒಂದೇ ಕಡೆಯಿಂದ ಬೀಳುವ ಜಾಗದಲ್ಲಿ ಕಪ್ಪಾಗಿ ಕಾಣುವುದೆಲ್ಲ ನೆರಳೂ ಆಗಿರಬಹುದು, ಗುಂಡಿಯೂ ಆಗಿರಬಹುದು. ನಮ್ಮ ಕಡೆಯಿಂದ ಬೆಳಕು ಬಿಟ್ಟಾಗ ನೆರಳು ಅಳಿಸಿ ನೆಲ ಕಾಣುತ್ತದೆ, ಗುಂಡಿ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಬೀದಿದೀಪಗಳಿರುವ ಊರಿನೊಳಗೆ ಬ್ಯಾಟರಿ ಏಕೆ ಎಂದು ಕೇಳುವವರಿಗೆ ನಾನು ಹೇಳುವ ಉತ್ತರ ಇದೇ. ದೀಪವಿಲ್ಲದ ರಸ್ತೆಯಲ್ಲಿ ನಾವು ಹೇಗೂ ಎಚ್ಚರದಿಂದ ಇರುತ್ತೇವೆ. ಅರೆಬೆಳಕಿರುವ ರಸ್ತೆಯಲ್ಲಿ ಎಲ್ಲವೂ ಕಾಣುತ್ತಿದೆ ಎಂಬ ನಂಬಿಕೆಯಿಂದಲೇ ಬೀಳುತ್ತೇವೆ.

ಅನಂತರ ಹಣೆಗೆ ಕಟ್ಟಿಕೊಳ್ಳುವ ದೀಪವನ್ನು ಕೊಂಡೆ. ಎರಡೂ ಕೈ ಖಾಲಿ ಇರುತ್ತವೆ, ನೋಡಿದ ಕಡೆ ಬೆಳಕು ಹೋಗುತ್ತದೆ, ಇದಕ್ಕಿಂತ ಒಳ್ಳೆಯದಿಲ್ಲ ಎಂದುಕೊಂಡಿದ್ದೆ. ಆದರೆ ಅದನ್ನು ಕಟ್ಟಿಕೊಂಡು ನಡೆದಾಗ ರಸ್ತೆ ಸವರಿದಂತೆ ಚಪ್ಪಟೆಯಾಗಿ ಕಾಣುತ್ತಿತ್ತು. ಎಡವಿದ ಮೇಲೆಯೇ ಕಲ್ಲು ಇತ್ತೆಂದು ತಿಳಿಯುತ್ತಿತ್ತು. ಮಳೆಗಾಲ ಶುರುವಾದೊಡನೆ ಹುಳುಗಳು ಹಣೆಯ ಬೆಳಕಿಗೆ ಮುತ್ತಿ ಕಣ್ಣಿಗೆ, ಬಾಯಿಗೆ ಬರತೊಡಗಿದವು. ಎದುರಿಗೆ ಬಂದವರನ್ನು ಮಾತನಾಡಿಸಲು ತಲೆ ಎತ್ತಿದರೆ ಬೆಳಕು ನೇರ ಅವರ ಕಣ್ಣಿಗೆ ಹೊಡೆಯುತ್ತಿತ್ತು. ಒಮ್ಮೆ ಕಟ್ಟಡವೊಂದರ ಕಾವಲುಗಾರರು ಕೈ ಅಡ್ಡ ಹಿಡಿದು, "ಯಾರ್ರೀ ಸಾಹೇಬ್ರ, ಲೈಟ್ ಕೆಳಗ ಮಾಡ್ರಿ ಮೊದ್ಲ" ಎಂದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು, ಏಕೆಂದರೆ ಅದೇ ಮಾತನ್ನು ನಾನು ಚಿಕ್ಕಂದಿನಲ್ಲಿ ಅಪ್ಪನ ಬಾಯಿಂದ ಕೇಳಿ ಬೆಳೆದಿದ್ದೆ.

ಆಳಂದ ತಾಲ್ಲೂಕಿನ ನಮ್ಮ ಹೊಲಕ್ಕೆ ಮೂರು ಫೇಸ್ ಕರೆಂಟು ಬರುತ್ತಿದ್ದುದು ಹೆಚ್ಚಾಗಿ ರಾತ್ರಿ. ಅಪ್ಪ ಮೂರು ಶೆಲ್ಲಿನ ತಗಡಿನ ಬ್ಯಾಟರಿ ಹಿಡಿದು ನೀರು ಬಿಡಲು ಹೋಗುವಾಗ ನಾನೂ ಹಿಂದೆ ಹೋಗುತ್ತಿದ್ದೆ. ಬ್ಯಾಟರಿ ನನ್ನ ಕೈಗೆ ಬಂದರೆ ನಾನು ಅದನ್ನು ಮರದ ತುದಿಗೆ, ಆಕಾಶಕ್ಕೆ ಬಿಡುತ್ತಿದ್ದೆ. "ಬ್ಯಾಟ್ರಿ ಕಾಲಿಗಿ ಹಿಡಿ, ಮಂದಿ ಮಕಕ್ಕ ಹಿಡೀಬ್ಯಾಡ" ಎನ್ನುತ್ತಿದ್ದರು ಅಪ್ಪ. ಅವರು ಕೈ ಇಳಿಬಿಟ್ಟು, ಸೊಂಟದಿಂದ ಸ್ವಲ್ಪ ಕೆಳಗೆ, ಬೆಳಕು ನೆಲವನ್ನು ಉಜ್ಜಿಕೊಂಡು ಹೋಗುವಂತೆ ಹಿಡಿಯುತ್ತಿದ್ದರು. ಆ ಮಂದ ಹಳದಿ ಬೆಳಕಿನಲ್ಲಿ ಬದುವಿನ ಪ್ರತಿ ಹೆಂಟೆಯೂ ಎದ್ದು ಕಾಣುತ್ತಿತ್ತು.

ಇದರ ಹಿಂದಿನ ಲೆಕ್ಕವನ್ನು ನಾನು ಮನೆಯ ಮುಂದೆಯೇ ಮಾಡಿ ನೋಡಿದ್ದೇನೆ. ಮೂರು ಸೆಂಟಿಮೀಟರು ಎತ್ತರದ ಒಂದು ಜಲ್ಲಿಕಲ್ಲನ್ನು ಐದು ಮೀಟರು ಮುಂದೆ ಇಟ್ಟು ಹಣೆಯಿಂದ, ಅಂದರೆ ಸುಮಾರು 160 ಸೆಂಟಿಮೀಟರು ಎತ್ತರದಿಂದ, ಬೆಳಕು ಬಿಟ್ಟರೆ ಅದರ ಹಿಂದೆ ಸುಮಾರು ಹತ್ತು ಸೆಂಟಿಮೀಟರು ನೆರಳು ಬೀಳುತ್ತದೆ. ಆದರೆ ಕಣ್ಣೂ ಅದೇ ಎತ್ತರದಲ್ಲಿ ಇರುವುದರಿಂದ ಆ ನೆರಳು ಕಲ್ಲಿನ ಹಿಂದೆಯೇ ಅಡಗಿ ನಮಗೆ ಕಾಣುವುದೇ ಇಲ್ಲ. ಅದೇ ಬೆಳಕನ್ನು 80 ಸೆಂಟಿಮೀಟರಿಗೆ ಇಳಿಸಿದರೆ ನೆರಳು ಇಪ್ಪತ್ತು ಸೆಂಟಿಮೀಟರಿಗೆ ಉದ್ದವಾಗುತ್ತದೆ, ಅದರಲ್ಲಿ ಅರ್ಧದಷ್ಟು ಕಲ್ಲಿನ ಆಚೆ ಕಪ್ಪಗೆ ಕಾಣುತ್ತದೆ. ರಾತ್ರಿ ನಮ್ಮ ಕಣ್ಣಿಗೆ ಕಲ್ಲು ತಿಳಿಯುವುದು ಅದರ ಬಣ್ಣದಿಂದಲ್ಲ, ಈ ಹತ್ತು ಸೆಂಟಿಮೀಟರು ಕಪ್ಪಿನಿಂದ. ರಸ್ತೆ ಉಬ್ಬು, ಮೇಲೆದ್ದ ಕಲ್ಲಿನ ಅಂಚು, ಅಗೆದು ಸರಿಯಾಗಿ ಮುಚ್ಚದ ಪೈಪಿನ ಗೆರೆ, ಇವೆಲ್ಲವೂ ಹಾಗೆಯೇ ತಿಳಿಯುತ್ತವೆ.

ನಡೆಯುವಾಗ ಸೊಂಟದ ಮಟ್ಟದಲ್ಲಿ ಹಿಡಿಯುವುದು ಸುಲಭ, ಓಡುವಾಗ ಕಷ್ಟ. ಕೈ ಬೀಸಿದಂತೆ ಬೆಳಕಿನ ಬಿಲ್ಲೆ ರಸ್ತೆಯ ಮೇಲೆ ಕುಣಿಯುತ್ತದೆ, ಹತ್ತು ನಿಮಿಷದಲ್ಲಿ ತಲೆ ತಿರುಗಿದಂತಾಗುತ್ತದೆ. ಬ್ಯಾಟರಿ ಹಿಡಿದ ಕೈಯನ್ನು ಬೀಸದೆ ಬಿಗಿಹಿಡಿದು ಓಡಿದಾಗ ಭುಜ ನೋಯತೊಡಗಿತು. ಕೊನೆಗೆ ಓಟಕ್ಕೆಂದು, ಮೂತಿ ಅಡ್ಡಕ್ಕೆ ತಿರುಗಿರುವ ಹಾಗೂ ಬೆಲ್ಟಿಗೆ ಸಿಕ್ಕಿಸಿಕೊಳ್ಳುವ ಚಿಕ್ಕ ದೀಪವನ್ನು ಗೊತ್ತುಮಾಡಿಕೊಂಡೆ. ಅದು ಸೊಂಟದೊಂದಿಗೆ ಅತ್ತಿತ್ತ ತುಸು ವಾಲಾಡಿದರೂ ಎತ್ತರ ಬದಲಾಗುವುದಿಲ್ಲ. ಕೈಯಲ್ಲಿ ಹಿಡಿಯುವುದನ್ನು ಅದರೊಂದಿಗೆ ಒಯ್ಯುತ್ತೇನೆ. ದಾರವನ್ನು ಮಣಿಕಟ್ಟಿಗೆ ಸುತ್ತಿರುತ್ತೇನೆ, ಬೇಕಾದಾಗ ಮಾತ್ರ ಹೊತ್ತಿಸುತ್ತೇನೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಅಂಕಿಗಳಿಗೆ ಮರುಳಾಗಬಾರದು. ಬ್ಯಾಟರಿ ಒಟ್ಟು ಎಷ್ಟು ಬೆಳಕು ಚೆಲ್ಲುತ್ತದೆ ಎಂಬುದರ ಅಳತೆ ಲ್ಯೂಮೆನ್. ನನ್ನ ಕಾಲಿಗೆ ಬೇಕಾದದ್ದು ನಡಿಗೆಗೆ 100ರಿಂದ 150 ಲ್ಯೂಮೆನ್, ದೀಪವಿಲ್ಲದ ಕಡೆ ಓಡಲು 300ರ ಆಸುಪಾಸು. ಸಾವಿರ ಲ್ಯೂಮೆನ್ ಕೊಡುವ ಅಂಗೈಯಗಲದ ಬ್ಯಾಟರಿಗಳು ಕಾವೇರಿದಂತೆ ಕೆಲವೇ ನಿಮಿಷಗಳಲ್ಲಿ ತಾವಾಗಿಯೇ ಬೆಳಕು ತಗ್ಗಿಸಿಕೊಳ್ಳುತ್ತವೆ, ನಮ್ಮ ಬೇಸಿಗೆಯಲ್ಲಂತೂ ಇನ್ನೂ ಬೇಗ. "200 ಮೀಟರು ದೂರ" ಎಂದು ಬರೆದಿದ್ದರೆ ಅದರ ಅರ್ಥ 200 ಮೀಟರಿನಲ್ಲಿ ಕಲ್ಲು ಮುಳ್ಳು ಕಾಣುತ್ತದೆ ಎಂದಲ್ಲ. ಆ ಅಳತೆಯ ನಿಯಮದ ಪ್ರಕಾರ ಅಷ್ಟು ದೂರದಲ್ಲಿ ಬೆಳಕು 0.25 ಲಕ್ಸ್‌ಗೆ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ, ಇಳಿದಿರುತ್ತದೆ. ಇನ್ನೊಂದು ಮಾತು: ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಪ್ರಖರ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಬೆಳಕಿನ ಬಿಲ್ಲೆ ಅತಿ ಪ್ರಖರವಾದಷ್ಟೂ ಅದರ ಹೊರಗಿನ ಕತ್ತಲೆ ಗಾಢವಾಗಿ, ಪಕ್ಕದಿಂದ ಬರುವುದು ಏನೂ ತಿಳಿಯುವುದಿಲ್ಲ.

ನೆಲದ ಬಣ್ಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಎರೆಮಣ್ಣು ಬೆಳಕನ್ನು ನುಂಗುತ್ತದೆ. ಬೀದರಿನಲ್ಲಿ ನೆಂಟರ ಮನೆಗೆ ಹೋದಾಗ ಅಷ್ಟೂರಿನ ಬಹಮನಿ ಗೋರಿಗಳ ಕಡೆಯ ದಾರಿಯಲ್ಲಿ ಇದೇ ಬ್ಯಾಟರಿ ಹಿಡಿದು ನಡೆದಿದ್ದೇನೆ. ಅಲ್ಲಿನ ಕೆಂಪು ಮುರ್ರಂ ನೆಲದ ಮೇಲೆ ಬೆಳಕು ಇಮ್ಮಡಿಯಾದಂತೆ ಕಂಡಿತು. ಬೇಸಿಗೆಯಲ್ಲಿ ಎರೆ ನೆಲ ಬಾಯಿಬಿಟ್ಟು ಡಾಂಬರಿನ ಅಂಚಿನಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳಾಗಿರುತ್ತವೆ. ಕಪ್ಪು ಮಣ್ಣಿನಲ್ಲಿ ಕಪ್ಪು ಬಿರುಕು, ಮೇಲಿನಿಂದ ಬೀಳುವ ಬೆಳಕಿಗೆ ಸಿಗುವುದಿಲ್ಲ. ಆದ್ದರಿಂದ ವಾಹನಕ್ಕೆ ದಾರಿ ಬಿಟ್ಟು ರಸ್ತೆ ಇಳಿಯಬೇಕಾದಾಗ ನಾನು ಓಟ ನಿಲ್ಲಿಸಿ, ಬ್ಯಾಟರಿಯನ್ನು ಮೊಣಕಾಲಿನ ಮಟ್ಟಕ್ಕೆ ತಗ್ಗಿಸಿ, ನೋಡಿ ಇಳಿಯುತ್ತೇನೆ.

ಹಾವಿನ ವಿಚಾರದಲ್ಲಿ ಯಾರೂ ಉದಾಸೀನ ಮಾಡಬಾರದು. ಕಟ್ಟುಹಾವು ರಾತ್ರಿಯೇ ಸಂಚರಿಸುವಂಥದು. ಕೊಳಕುಮಂಡಲವೂ, ಒಣ ಕಲ್ಲುನೆಲದಲ್ಲಿ ಇರುವ ಗೇಣುದ್ದದಿಂದ ಮೊಳದುದ್ದದ ಗರಗಸ ಮಂಡಲವೂ ಹೆಚ್ಚಾಗಿ ಕತ್ತಲಾದ ಮೇಲೆ ಹೊರಬರುತ್ತವೆ. ಎರಡನೆಯ ವರ್ಷ ಜೂನ್ ತಿಂಗಳ ಮೊದಲ ಮಳೆ ಬಿದ್ದ ರಾತ್ರಿ ನನ್ನ ಮುಂದೆ ನಾಲ್ಕು ಮೀಟರಿನಲ್ಲಿ ಹಗ್ಗದ ತುಂಡಿನಂತೆ ಕಂಡದ್ದು ಹಗ್ಗವಾಗಿರಲಿಲ್ಲ. ಅದರ ನೆರಳು ಅಲುಗಿದ್ದರಿಂದ ನಿಂತೆ. ಬೆಳಕನ್ನು ಅಲ್ಲಾಡಿಸದೆ ಹಿಡಿದು, ಅದು ತಾನಾಗಿ ರಸ್ತೆ ದಾಟುವವರೆಗೂ ಕಾದೆ. ಅಂದಿನಿಂದ ಚಪ್ಪಲಿ ಬಿಟ್ಟು ಮುಚ್ಚಿದ ಬೂಟನ್ನೇ ಹಾಕುತ್ತೇನೆ. ನೀಲಿ ಛಾಯೆಯ ಬಿಳಿ ಬೆಳಕಿಗಿಂತ ತುಸು ಹಳದಿ ಬೆರೆತ, 4000ದಿಂದ 5000 ಕೆಲ್ವಿನ್ ಎಂದು ಬರೆದಿರುವ ಬೆಳಕಿನಲ್ಲಿ ಒಣ ಎಲೆ, ಟೈರಿನ ಚೂರು ಮತ್ತು ಕಂದು ಬಣ್ಣದ ಜೀವಿಗಳ ವ್ಯತ್ಯಾಸ ನನಗೆ ಬೇಗ ತಿಳಿಯುತ್ತದೆ. ಕಚ್ಚಿದರೆ ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು ಮಾಡದೆ ತಕ್ಷಣ ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಮನೆಯವರಿಗೂ ಹೇಳಿಟ್ಟಿದ್ದೇನೆ.

ನಾಯಿಗಳ ವಿಷಯದಲ್ಲಿ ಬ್ಯಾಟರಿ ಮುನ್ಸೂಚನೆ ಕೊಡುತ್ತದೆ. ಅವುಗಳ ಕಣ್ಣಿನ ಹಿಂಪದರ ಬೆಳಕನ್ನು ಮರಳಿಸುವುದರಿಂದ ಮೂವತ್ತು ಮೀಟರು ದೂರದಲ್ಲೇ ಹಸಿರು ಚುಕ್ಕಿಗಳು ಕಾಣುತ್ತವೆ. ಆಗಲೇ ಓಟ ಬಿಟ್ಟು ನಡೆಯತೊಡಗಿದರೆ ಅರ್ಧ ತೊಂದರೆ ತಪ್ಪುತ್ತದೆ. ಬೆಳಕನ್ನು ಕಣ್ಣಿಗೆ ಬಿಡದೆ ಅವುಗಳ ಮತ್ತು ನನ್ನ ನಡುವಿನ ನೆಲದ ಮೇಲೆ ಇಡುತ್ತೇನೆ. ಮಿನುಗುವ ಬೆಳಕಿನಿಂದ ನಾಯಿ ಓಡುತ್ತದೆ ಎಂಬ ಮಾತು ಕೇಳಿ ಪ್ರಯತ್ನಿಸಿದ್ದೆ. ನಮ್ಮ ಓಣಿಯ ನಾಯಿಗಳು ಅದರಿಂದ ಇನ್ನಷ್ಟು ಕೆರಳಿ ಬೊಗಳಿದವು.

ವಾಹನಗಳಿಗೆ ನಾವು ಕಾಣಬೇಕು ಎನ್ನುವುದು ಬೆಳಕಿನ ಇನ್ನೊಂದು ಕೆಲಸ. ಕಾಲುದಾರಿ ಇಲ್ಲದ ಕಡೆ ನಾನು ರಸ್ತೆಯ ಬಲಬದಿಯಲ್ಲಿ, ಬರುವ ವಾಹನಕ್ಕೆ ಎದುರಾಗಿ ನಡೆಯುತ್ತೇನೆ. ವಾಹನ ದೂರದಲ್ಲಿ ಕಂಡಾಗಲೇ ಬ್ಯಾಟರಿಯ ಬೆಳಕನ್ನು ನನ್ನ ಕಾಲ ಮುಂದಿನ ನೆಲದ ಮೇಲೆ ಅತ್ತಿಂದಿತ್ತ ಮೆಲ್ಲಗೆ ಆಡಿಸುತ್ತೇನೆ. ಚಲಿಸುವ ಬಿಲ್ಲೆ ಚಾಲಕರ ಗಮನ ಸೆಳೆಯುತ್ತದೆ, ಕಣ್ಣನ್ನು ಕೋರೈಸುವುದಿಲ್ಲ. ಸೊಂಟದ ಹಿಂದೆ ಕೆಂಪು ಮಿನುಗುದೀಪ, ಎರಡೂ ಹಿಮ್ಮಡಿಯ ಮೇಲೆ ಹೊಳೆಯುವ ಪಟ್ಟಿ ಇರುತ್ತವೆ. ಪಟ್ಟಿಯನ್ನು ಎದೆಗಿಂತ ಕಾಲಿಗೆ ಕಟ್ಟುವುದು ಮೇಲು, ಏಕೆಂದರೆ ಮೇಲೆ ಕೆಳಗೆ ಆಡುವ ಎರಡು ಹೊಳಪುಗಳನ್ನು ಕಂಡೊಡನೆ ಅದು ನಡೆಯುವ ಮನುಷ್ಯ ಎಂದು ದೂರದಿಂದಲೇ ತಿಳಿಯುತ್ತದೆ. ಎದುರಿನ ವಾಹನದ ಬೆಳಕು ಕಣ್ಣಿಗೆ ಹೊಡೆದಾಗ ನೋಟವನ್ನು ಬಲ ಅಂಚಿಗೆ ಇಳಿಸಿ, ವಾಹನ ಹೋದ ಮೇಲೂ ಎರಡು ಮೂರು ಸೆಕೆಂಡು ನಿಂತೇ ಮುಂದುವರಿಯುತ್ತೇನೆ. ಸುಗ್ಗಿಯ ಕಾಲದಲ್ಲಿ ಹಿಂದೀಪವಿಲ್ಲದೆ ಕಬ್ಬು, ತೊಗರಿ ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳನ್ನು ಹಿಂದಿನವರು ಹಿಂದಿಕ್ಕಲು ನುಗ್ಗುವುದರಿಂದ ಆ ತಿಂಗಳುಗಳಲ್ಲಿ ಹೆದ್ದಾರಿಯ ಕಡೆಗೆ ಹೋಗದೆ ಊರೊಳಗಿನ ಶರಣಬಸವೇಶ್ವರ ಕೆರೆಯ (ನಮ್ಮವರ ಬಾಯಲ್ಲಿ ಅಪ್ಪನ ಕೆರೆ) ಸುತ್ತ ನಡೆಯುತ್ತೇನೆ.

ಸೆಲ್‌ಗಳ ವಿಷಯದಲ್ಲಿ ನಾನು ದುಡ್ಡು ಕಳೆದುಕೊಂಡು ಕಲಿತೆ. ನನ್ನ ಬ್ಯಾಟರಿಗೆ ಹಾಕುವುದು 18650 ಎಂಬ ಲಿಥಿಯಂ ಸೆಲ್. 18 ಮಿಲಿಮೀಟರು ದಪ್ಪ, 65 ಮಿಲಿಮೀಟರು ಉದ್ದ ಎಂಬುದೇ ಆ ಹೆಸರಿನ ಅರ್ಥ. ಪೇಟೆಯ ಒಂದು ಅಂಗಡಿಯಲ್ಲಿ 9900 ಎಂಎಎಚ್ (ಸೆಲ್ ಎಷ್ಟು ವಿದ್ಯುತ್ತು ತುಂಬಿಕೊಳ್ಳುತ್ತದೆ ಎಂಬ ಅಳತೆ) ಎಂದು ಬರೆದಿದ್ದ ಎರಡು ಸೆಲ್ ಅಗ್ಗಕ್ಕೆ ಸಿಕ್ಕವೆಂದು ತಂದೆ. ಅರ್ಧ ಗಂಟೆಯೂ ಬಾಳಲಿಲ್ಲ. ಈ ಗಾತ್ರದ ಉತ್ತಮ ಸೆಲ್‌ಗಳಲ್ಲಿ ಇರುವುದೇ 3500ರ ಆಸುಪಾಸು, ಅದಕ್ಕಿಂತ ಬಹಳ ಹೆಚ್ಚು ಬರೆದಿದ್ದರೆ ಆ ಅಂಕಿ ಸುಳ್ಳು. ಇನ್ನೊಂದು ಬೇಸಿಗೆ ಬ್ಯಾಟರಿಯನ್ನು ಸ್ಕೂಟರಿನ ಸೀಟಿನ ಕೆಳಗೆ ಬಿಟ್ಟಿದ್ದೆ. ಮೇ ಮುಗಿಯುವಷ್ಟರಲ್ಲಿ ಒಳ್ಳೆಯ ಸೆಲ್ ಸಹ ಮೊದಲಿನ ಅರ್ಧದಷ್ಟು ಹೊತ್ತು ಉರಿಯತೊಡಗಿತು. ಕಾವು ಈ ಸೆಲ್‌ಗಳ ಆಯುಷ್ಯವನ್ನು ತಿನ್ನುತ್ತದೆ. ಈಗ ನಡಿಗೆಯಿಂದ ಬಂದ ಕೂಡಲೇ ಚಾರ್ಜಿಗೆ ಹಾಕದೆ, ಬ್ಯಾಟರಿ ತಣ್ಣಗಾದ ಮೇಲೆ, ಪಡುವಣ ಬಿಸಿಲು ಬೀಳದ ಅಡುಗೆಮನೆಯ ಗೂಡಿನಲ್ಲಿ, ನಾನು ಎಚ್ಚರವಿರುವಾಗಲೇ ಚಾರ್ಜು ಮಾಡುತ್ತೇನೆ. ಅದೇ ಗೂಡಿನಲ್ಲಿ ಹೆಂಡತಿಯ ಬ್ಯಾಟರಿಯೂ ಇದೆ. ಊಟವಾದ ಮೇಲೆ ಓಣಿಯ ಹೆಣ್ಣುಮಕ್ಕಳೊಂದಿಗೆ ತಿರುಗಾಡಲು ಹೋಗುವಾಗ ಅವಳೂ ಈಗ ಅದನ್ನು ಕೈ ಇಳಿಬಿಟ್ಟೇ ಹಿಡಿಯುತ್ತಾಳೆ.