ಮಲೇರಿಯಾ ಮಗುವಿಗೆ ರಕ್ತ ಕೊಡುವ ಮುನ್ನ

ಮೊದಲು ಮಗುವನ್ನು ತೂಗಿ, ಜ್ವರ ನೋಡಿ. ಕಣ್ಣಂದಾಜಿನ ತೂಕ ಬೇಡವೇ ಬೇಡ. ಉಗಾಂಡಾ, ಮಲಾವಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಟ್ರ್ಯಾಕ್ಟ್ ಎಂಬ ರಕ್ತ ನೀಡಿಕೆ ಅಧ್ಯಯನದಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 6 ಗ್ರಾಂಗಿಂತ ಕೆಳಗಿಳಿದ ಮಕ್ಕಳಿದ್ದರು. ಜ್ವರವಿಲ್ಲದವರಿಗೆ ಕೆಜಿಗೆ 30 ಮಿ.ಲೀ. ಪೂರ್ಣ ರಕ್ತ (ಕಣ ಬೇರ್ಪಡಿಸದ ರಕ್ತ) ಹೆಚ್ಚು ಜೀವ ಉಳಿಸಿತು, ಮೈ 37.5 ಡಿಗ್ರಿ ಸೆಲ್ಸಿಯಸ್ ದಾಟಿದ್ದವರಿಗೆ 20 ಮಿ.ಲೀ.ಯೇ ಮೇಲಾಯಿತು. 10 ಕೆಜಿ ಮಗುವಿಗೆ ಅದು 300 ಅಥವಾ 200 ಮಿ.ಲೀ.

ಚೀಲದ ಗುಂಪು, ನಂಬರು, ಮಗುವಿನ ಹೆಸರು ಇಬ್ಬರು ಓದಿ ತಾಳೆ ನೋಡಿ. ಫಿಲ್ಟರ್ ಇರುವ ಸೆಟ್ಟನ್ನೇ ಹಾಕಿ. ಅದೇ ನಳಿಗೆಗೆ ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಸೇರಿಸಿದರೆ ಕೆಂಪುಕಣಗಳು ಒಡೆಯುತ್ತವೆ. ಮಗುವಿನ ರಕ್ತದ ಸಕ್ಕರೆ ಇಳಿದಿದ್ದರೆ ಡೆಕ್ಸ್‌ಟ್ರೋಸ್‌ಗೆ ಬೇರೆ ಸೂಜಿ ಚುಚ್ಚಿ.

ಮೊದಲ 15 ನಿಮಿಷ ಹಾಸಿಗೆ ಬಿಟ್ಟು ಕದಲಬೇಡಿ. ನಡುಕ, ಗಂದೆ, ಏದುಸಿರು ಕಂಡರೆ ರಕ್ತ ನಿಲ್ಲಿಸಿ, ಸೆಟ್ ಬದಲಿಸಿ, ಸಲೈನ್ ಹಚ್ಚಿ, ಚೀಲವನ್ನು ಲ್ಯಾಬಿಗೆ ಮರಳಿಸಿ. 4 ಗಂಟೆಯೊಳಗೆ ಮುಗಿಯದ ರಕ್ತ ಎಸೆಯಿರಿ.