ಮೊದಲು ಚಿಪ್ ಆರಿಸಿ, ಆಮೇಲೆ ಪ್ರೋಗ್ರಾಮರ್ ಕೊಳ್ಳಿ

ಮೈಕ್ರೊಕಂಟ್ರೋಲರ್ (ಒಂದೇ ಚಿಪ್ಪಿನಲ್ಲಿರುವ ಪುಟ್ಟ ಕಂಪ್ಯೂಟರ್) ಹವ್ಯಾಸಕ್ಕೆ ಹೊಸದಾಗಿ ಇಳಿದವರು ಅಗ್ಗಕ್ಕೆ ಸಿಕ್ಕಿತೆಂದು ಪ್ರೋಗ್ರಾಮರ್ (ಕಂಪ್ಯೂಟರಿನಿಂದ ಚಿಪ್ಪಿಗೆ ಪ್ರೋಗ್ರಾಂ ತುಂಬುವ ಸಾಧನ) ಕೊಂಡು, ಅದಕ್ಕೆ ಹೊಂದುವ ಚಿಪ್ಪಿಗಾಗಿ ಆಮೇಲೆ ಅಲೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗೆ ಮಾಡಬೇಡಿ.

ಹಂತ 1: ಚಿಪ್ ನಿರ್ಧರಿಸಿ. ಎಸ್‌ಟಿಎಂ32 ಚಿಪ್ ಆದರೆ ಎಸ್‌ಟಿ-ಲಿಂಕ್ ಪ್ರೋಗ್ರಾಮರ್, ಪಿಕ್ ಚಿಪ್ ಆದರೆ ಪಿಕ್‌ಕಿಟ್. ಇಎಸ್‌ಪಿ32 ಬೋರ್ಡುಗಳಿಗೆ ಸಾಮಾನ್ಯವಾಗಿ ಯುಎಸ್‌ಬಿ ಕೇಬಲ್ಲೇ ಸಾಕು. ಎಟಿಮೆಗಾ 328ಪಿ, ಎಟಿಟೈನಿ 85ರಂಥ ಎವಿಆರ್ ಚಿಪ್ಪುಗಳಿಗೆ ಯುಎಸ್‌ಬಿಎಎಸ್‌ಪಿ ಎಂಬ ಪ್ರೋಗ್ರಾಮರ್ ಕೊಳ್ಳಿ. ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಎಲ್ಲ ಚಿಪ್ಪಿಗೂ ಆಗುತ್ತದೆಂದು ಮಾರುವ ದುಬಾರಿ ಪೆಟ್ಟಿಗೆ ಹವ್ಯಾಸಿಗೆ ಬೇಕಿಲ್ಲ.

ಮನೆಯಲ್ಲಿ ಆರ್ಡುಯಿನೊ ಯುನೊ ಬೋರ್ಡ್ ಇದ್ದರೆ ಅದನ್ನೇ ಪ್ರೋಗ್ರಾಮರ್ ಆಗಿ ಬಳಸಬಹುದು. ಆರ್ಡುಯಿನೊ ತಂತ್ರಾಂಶದ ಉದಾಹರಣೆಗಳ ಪಟ್ಟಿಯಲ್ಲಿರುವ ಆರ್ಡುಯಿನೊಐಎಸ್‌ಪಿ ಸ್ಕೆಚ್ (ಪ್ರೋಗ್ರಾಂ) ಅಪ್‌ಲೋಡ್ ಮಾಡಿ, ನಂತರ ಯುನೊದ ರೀಸೆಟ್ ಮತ್ತು ಗ್ರೌಂಡ್ ಪಿನ್ನುಗಳ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಮೊದಲೇ ಹಾಕಿದರೆ ಅಪ್‌ಲೋಡ್ ಆಗುವುದಿಲ್ಲ. ಒಂದೆರಡು ಚಿಪ್ಪಿಗೆ ಇದು ಸಾಕು. ವಾರವಾರವೂ ಕೆಲಸವಿದ್ದರೆ ಯುಎಸ್‌ಬಿಎಎಸ್‌ಪಿಯೇ ಲೇಸು.

ಹಂತ 2: ಅಂಗಡಿಯಲ್ಲೇ ಪರೀಕ್ಷಿಸಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಗೆ ಹೋದರೆ ನಾನು ಲ್ಯಾಪ್‌ಟಾಪ್ ಜೊತೆಗೇ ಒಯ್ಯುತ್ತೇನೆ. ನೋಡಲು ಯುಎಸ್‌ಬಿಎಎಸ್‌ಪಿಯಂತೆಯೇ ಇದ್ದು ಒಳಗೆ ಬೇರೆ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ತುಂಬಿದ ಬೋರ್ಡುಗಳು ಬರುತ್ತವೆ. ಲ್ಯಾಪ್‌ಟಾಪಿಗೆ ಚುಚ್ಚಿದಾಗ ಸಾಧನಗಳ ಪಟ್ಟಿಯಲ್ಲಿ ಯುಎಸ್‌ಬಿಎಎಸ್‌ಪಿ ಎಂಬ ಹೆಸರು ಕಾಣದಿದ್ದರೆ ಹಿಂದಿರುಗಿಸಿ. 3.3 ವೋಲ್ಟ್ ಆರಿಸುವ ಜಂಪರನ್ನೂ (ಪಿನ್ನುಗಳನ್ನು ಸೇರಿಸುವ ಪುಟ್ಟ ಕೊಂಡಿ) ನಂಬಬೇಡಿ. ಅನೇಕ ಅಗ್ಗದ ಬೋರ್ಡುಗಳಲ್ಲಿ ಅದು ವಿದ್ಯುತ್ ಪೂರೈಕೆಯನ್ನಷ್ಟೇ ಇಳಿಸುತ್ತದೆ, ಸಂಕೇತದ ತಂತಿಗಳಲ್ಲಿ 5 ವೋಲ್ಟ್ ಹಾಗೆಯೇ ಉಳಿಯುತ್ತದೆ.

ಹಂತ 3: ಜೋಡಣೆ. ಹೆಚ್ಚಿನವರು ಎಡವುವುದು ಇಲ್ಲೇ. ಪ್ರೋಗ್ರಾಮರಿನಲ್ಲಿ 10 ಪಿನ್ನಿನ ಕನೆಕ್ಟರ್, ನಿಮ್ಮ ಬೋರ್ಡಿನಲ್ಲಿ 6 ಪಿನ್ನಿನದು. ಹತ್ತರದರಲ್ಲಿ ಒಂದನೇ ಪಿನ್ ಎಂಒಎಸ್‌ಐ (ಚಿಪ್ಪಿಗೆ ಹೋಗುವ ದತ್ತಾಂಶದ ತಂತಿ), ಆರರದರಲ್ಲಿ ಒಂದನೇ ಪಿನ್ ಎಂಐಎಸ್‌ಒ (ಚಿಪ್ಪಿನಿಂದ ಬರುವ ದತ್ತಾಂಶದ ತಂತಿ). ಒಂದಕ್ಕೆ ಒಂದು ಎಂದು ತಂತಿ ಸೇರಿಸಿದರೆ ಚಿಪ್ ಉತ್ತರಿಸುವುದೇ ಇಲ್ಲ. ಹತ್ತರಿಂದ ಆರಕ್ಕೆ ಇಳಿಸುವ ಪುಟ್ಟ ಅಡಾಪ್ಟರನ್ನು ಜೊತೆಗೇ ಕೊಳ್ಳಿ. ರಿಬ್ಬನ್ ಕೇಬಲ್ಲಿನ ಕೆಂಪು ಗೆರೆ ಒಂದನೇ ಪಿನ್ನಿನ ಗುರುತು.

ಎಲ್ಲ ಸರಿಯಿದ್ದೂ ಉತ್ತರ ಬರಲಿಲ್ಲವೇ? ವೇಗ ತಗ್ಗಿಸಿ. ಹೊಸ ಎಟಿಟೈನಿ 85 ಕಾರ್ಖಾನೆಯಿಂದ 1 ಮೆಗಾಹರ್ಟ್ಸ್‌ನಲ್ಲಿ ಓಡುವಂತೆ ಬರುತ್ತದೆ. ಪ್ರೋಗ್ರಾಮರಿನ ಗಡಿಯಾರ (ಕ್ಲಾಕ್) ಅದರ ನಾಲ್ಕನೇ ಒಂದು ಪಾಲಿಗಿಂತ ನಿಧಾನವಾಗಿರಬೇಕು. ಚಿಪ್ಪಿಗೆ ಬರೆಯುವ ತಂತ್ರಾಂಶವಾದ ಎವಿಆರ್‌ಡ್ಯೂಡ್‌ನ ಆದೇಶದಲ್ಲಿ ದೊಡ್ಡಕ್ಷರದ ಬಿ (-B) ಆಯ್ಕೆಗೆ 10 ಕೊಡಿ. ಯುಎಸ್‌ಬಿಎಎಸ್‌ಪಿಯ ಫರ್ಮ್‌ವೇರ್ ಹಳೆಯದಾಗಿದ್ದು ಈ ಆಯ್ಕೆಗೆ ಮಣಿಯದಿದ್ದರೆ ಅದರ ಮೇಲಿನ ಜೆಪಿ3 ಜಂಪರನ್ನು ಬೆಸುಗೆ ಹಾಕಿ ಮುಚ್ಚಿ. ಪರಿಚಯದ ಹುಡುಗನೊಬ್ಬ ಕೆಟ್ಟಿವೆಯೆಂದು ಪಕ್ಕಕ್ಕಿಟ್ಟಿದ್ದ ಮೂರು ಚಿಪ್ಪುಗಳೂ ಹೀಗೆಯೇ ಮಾತಾಡಿದವು.

ಹಂತ 4: ಏನನ್ನೂ ಬರೆಯುವ ಮೊದಲು ಚಿಪ್ಪಿನ ಸಿಗ್ನೇಚರ್ (ಅದರ ಗುರುತಿನ ಸಂಖ್ಯೆ) ಓದಿ. ಎಟಿಟೈನಿ 85ಕ್ಕೆ 1ಇ 93 0ಬಿ ಬರಬೇಕು. ಮೂರು ಬಾರಿ ಓದಿದಾಗಲೂ ಅದೇ ಬಂದ ಮೇಲಷ್ಟೇ ಫ್ಯೂಸ್ (ಚಿಪ್ಪಿನ ಮೂಲ ಹೊಂದಿಕೆಗಳು) ಮುಟ್ಟಿ. ರೀಸೆಟ್ ಪಿನ್ ನಿಷ್ಕ್ರಿಯಗೊಳಿಸುವ ಫ್ಯೂಸಿನ ತಂಟೆಗಂತೂ ಹೋಗಲೇಬೇಡಿ. ಆಮೇಲೆ 12 ವೋಲ್ಟ್ ಕೊಡುವ ಬೇರೆ ಪ್ರೋಗ್ರಾಮರ್ ತಂದ ಹೊರತು ಆ ಚಿಪ್ ನಿಮ್ಮ ಕೈಗೆ ಬರುವುದಿಲ್ಲ.