ಹಳೆಯ ರಂಗಮಂದಿರ: ಯಾವುದನ್ನು ಉಳಿಸುವುದು, ಹೊಸದನ್ನು ಎಲ್ಲಿ ಕಟ್ಟುವುದು

ರಂಗಮಂದಿರ ಸೋರತೊಡಗಿದರೆ ಸಾಕು, ಕೆಡವಿ ಹೊಸದು ಕಟ್ಟುವ ನಕ್ಷೆ ಮೇಜಿಗೆ ಬರುತ್ತದೆ. ಅದನ್ನು ಬಿಡಿಸುವ ಮೊದಲು ಕಳೆದ ಮೂರು ವರ್ಷದ ಬುಕಿಂಗ್ ರಿಜಿಸ್ಟರ್ ತೆರೆಯಿರಿ. ನಾಟಕ, ನೃತ್ಯ, ಸಂಗೀತ, ಶಾಲಾ ವಾರ್ಷಿಕೋತ್ಸವ, ಸನ್ಮಾನ, ಸರ್ಕಾರಿ ಜಯಂತಿ ಎಂದು ಬೇರ್ಪಡಿಸಿ, ಒಂದೊಂದಕ್ಕೂ ಎಷ್ಟು ಜನ ಬಂದಿದ್ದರು ಎಂದು ಗುರುತು ಹಾಕಿಕೊಳ್ಳಿ. 800 ಆಸನದ ಸಭಾಂಗಣದಲ್ಲಿ ನಾಟಕಕ್ಕೆ ಬರುವವರು 200 ಜನವಾದರೆ ಆ ಊರಿಗೆ ಬೇಕಿರುವುದು 250–350 ಆಸನದ ಮಂದಿರ. 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಶುರುವಾದ ರಂಗಶಂಕರದಲ್ಲಿ ಇರುವುದೂ ಮುನ್ನೂರು ಚಿಲ್ಲರೆ ಆಸನಗಳೇ.

ಎಲ್ಲಿ ಎಂಬ ಪ್ರಶ್ನೆಗೆ ಬೆಂಗಳೂರೇ ಒಳ್ಳೆಯ ಉದಾಹರಣೆ. 1963ರ ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ನಯನ ಸಭಾಂಗಣ, ಪುರಭವನ ಎಲ್ಲವೂ ಜೆ.ಸಿ. ರಸ್ತೆಯ ಸುತ್ತಮುತ್ತಲೇ ಇವೆ. ಹನುಮಂತನಗರದ ಕೆ.ಎಚ್. ಕಲಾಸೌಧ ಮತ್ತು ರಂಗಶಂಕರ ದಕ್ಷಿಣಕ್ಕೆ, ಮಲ್ಲತ್ತಹಳ್ಳಿಯ ಕಲಾಗ್ರಾಮ ಪಶ್ಚಿಮಕ್ಕೆ. ಯಲಹಂಕ, ಕೆ.ಆರ್. ಪುರದವರು ಏಳು ಗಂಟೆಯ ನಾಟಕ ನೋಡಬೇಕಾದರೆ ಸಂಜೆಯ ಟ್ರಾಫಿಕ್ಕಿನಲ್ಲಿ ಊರು ದಾಟಬೇಕು. ಹೀಗಿರುವಾಗ ನಡುವಿನದನ್ನು ಕೆಡವಿ ಅಲ್ಲೇ ಇನ್ನೂ ದೊಡ್ಡದು ಕಟ್ಟುವುದು ಹಣ ಹಾಳು. ನಡುವಿನದನ್ನು ರಿಪೇರಿ ಮಾಡಿ, ಇಲ್ಲದ ದಿಕ್ಕಿನಲ್ಲಿ ಚಿಕ್ಕದನ್ನು ಕಟ್ಟುವುದೇ ಸರಿ.

ಹೊಸ ಜಾಗವನ್ನು ಹಗಲಲ್ಲಿ ನೋಡಿ ಒಪ್ಪಬೇಡಿ. ರಾತ್ರಿ ಒಂಬತ್ತೂವರೆಗೆ ಅಲ್ಲಿಂದ ಬಸ್ ನಿಲ್ದಾಣಕ್ಕೋ ಮೆಟ್ರೊಗೋ ನಡೆದು ನೋಡಿ. ದಾರಿ 500 ಮೀಟರಿಗಿಂತ ಉದ್ದವಿದ್ದರೆ, ಬೀದಿದೀಪ ಇಲ್ಲದಿದ್ದರೆ, ಹೆಂಗಸರೂ ವಯಸ್ಸಾದವರೂ ಎರಡನೆಯ ಸಲ ಬರುವುದಿಲ್ಲ. ಮದುವೆ ಸೀಸನ್ನಿನ ಶುಕ್ರವಾರ ಸಂಜೆ ಆರರಿಂದ ಹತ್ತರವರೆಗೆ ಶಬ್ದ ಅಳೆಯಿರಿ. ಪಕ್ಕದ ಕಲ್ಯಾಣಮಂಟಪದ ಬ್ಯಾಂಡು ನಕ್ಷೆಯಲ್ಲಿ ಕಾಣುವುದಿಲ್ಲ! ರಾಜಕಾಲುವೆಯ (ಮಳೆನೀರು ಹರಿಯುವ ದೊಡ್ಡ ಕಾಲುವೆಯ) ಪಕ್ಕದ ತಗ್ಗು ಜಾಗವಾದರೆ ಮೊದಲ ದೊಡ್ಡ ಮಳೆಗೇ ವೇದಿಕೆಯ ಕೆಳಗೆ ನೀರು ನಿಂತು ಮರ ಕೊಳೆಯುತ್ತದೆ. ಸೆಟ್ ಹೊತ್ತ ಲಾರಿ ವೇದಿಕೆಯ ಹಿಂಬಾಗಿಲಿಗೇ ಬರಬೇಕು. ಆ ಬಾಗಿಲು ಕನಿಷ್ಠ 2.5 ಮೀಟರ್ ಅಗಲ, 3.5 ಮೀಟರ್ ಎತ್ತರ ಇರಲಿ.

ಕೆಡವಬೇಕೇ ಎಂಬುದನ್ನು ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಕಂಬ, ತೊಲೆಗಳ ಕಾಂಕ್ರೀಟಿನಿಂದ ಕೋರ್ (ಕೊರೆದು ತೆಗೆದ ದುಂಡನೆಯ ತುಂಡು) ತೆಗೆಸಿ ಪರೀಕ್ಷಿಸಿ, ಒಳಗಿನ ಬಿರುಕು, ಪೊಳ್ಳು ತಿಳಿಯಲು ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿಸಿ, ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆಯೇ ನೋಡಿ. ಚಾವಣಿ, ವೈರಿಂಗ್, ಗೆದ್ದಲು ಹಿಡಿದ ಹಲಗೆ ಇವೆಲ್ಲ ಬದಲಿಸಬಹುದಾದವು. ಅವು ಕೆಟ್ಟಿವೆಯೆಂದು ಕಟ್ಟಡ ಕೆಡವಬೇಕಿಲ್ಲ. ಒಮ್ಮೆ ಕೆಡವಿದರೆ ಇಂದಿನ ಪಾರ್ಕಿಂಗ್ ಮತ್ತು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ನಿಯಮ ಅನ್ವಯಿಸುತ್ತವೆ, ಅದೇ ನಿವೇಶನದಲ್ಲಿ ಹಳೆಯ ಅಳತೆಯ ವೇದಿಕೆ ಮತ್ತೆ ಸಿಗದೇ ಹೋಗಬಹುದು.

ರಿಪೇರಿಯಲ್ಲಿ ಮೊದಲು ನೀರು, ಆಮೇಲೆ ವೈರಿಂಗ್ ಮತ್ತು ನಿರ್ಗಮನ ಬಾಗಿಲು, ನಂತರ ವೇದಿಕೆ, ಕಟ್ಟಕಡೆಗೆ ಕುರ್ಚಿ. ನಡೆಯುವುದು ಸಾಮಾನ್ಯವಾಗಿ ಉಲ್ಟಾ: ಉದ್ಘಾಟನೆಗೆ ಹೊಸ ಕುರ್ಚಿ ಬರುತ್ತದೆ, ಮಳೆಗಾಲಕ್ಕೆ ಅದರ ಮೇಲೇ ನೀರು ಸೋರುತ್ತದೆ. ನಿರ್ಗಮನದ ವಿಷಯದಲ್ಲಿ ಚೌಕಾಸಿ ಬೇಡ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬೆಂಕಿ ಹೊತ್ತಿದ್ದು ಕೆಳಗಿನ ಟ್ರಾನ್ಸ್‌ಫಾರ್ಮರಿನಿಂದ. ಬಾಲ್ಕನಿಯಲ್ಲಿ ಹೆಚ್ಚುವರಿ ಕುರ್ಚಿ ಹಾಕಿ ದಾರಿ ಮುಚ್ಚಿದ್ದರಿಂದ ಮೇಲಿದ್ದವರಿಗೆ ಹೊರಬರಲಾಗಲಿಲ್ಲ. ಆದ್ದರಿಂದ ಟ್ರಾನ್ಸ್‌ಫಾರ್ಮರ್ ಮತ್ತು ಜನರೇಟರ್ ಪ್ರೇಕ್ಷಾಗೃಹದಿಂದ ದೂರ, ಪ್ರತ್ಯೇಕ ಕಟ್ಟಡದಲ್ಲಿರಲಿ. ಬಾಗಿಲು ಹೊರಗೆ ತೆರೆಯಬೇಕು, ಪ್ರದರ್ಶನದ ವೇಳೆ ಬೀಗ ಹಾಕಿರಬಾರದು.

ಶಬ್ದದ ಲೆಕ್ಕವನ್ನು ಒಳಾಂಗಣ ಅಲಂಕಾರದವರಿಗೆ ಬಿಟ್ಟರೆ ಕೆಟ್ಟಿತೆಂದೇ ತಿಳಿಯಿರಿ. ಮಾತಿನ ನಾಟಕಕ್ಕೆ ಅನುರಣನ, ಅಂದರೆ ಶಬ್ದ ನಿಂತ ಮೇಲೂ ಅದರ ಗುಂಗು ಉಳಿಯುವ ಹೊತ್ತು, ಸುಮಾರು 1 ಸೆಕೆಂಡು ಇರಬೇಕು. ಅದನ್ನು ಕಂಡುಹಿಡಿಯಲು ಒಳಗಿನ ಗಾತ್ರವನ್ನು ಘನಮೀಟರಿನಲ್ಲಿ 0.161ರಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ (ಪ್ರತಿ ಮೇಲ್ಮೈಯ ಚದರ ಮೀಟರನ್ನು ಅದು ಶಬ್ದ ಹೀರುವ ಪಾಲಿನಿಂದ ಗುಣಿಸಿ ಕೂಡಿದ್ದು) ಭಾಗಿಸಬೇಕು. 400 ಆಸನಕ್ಕೆ ತಲಾ 5 ಘನಮೀಟರಿನಂತೆ 2,000 ಘನಮೀಟರ್ ಆದರೆ ಸುಮಾರು 320 ಚದರ ಮೀಟರಿನಷ್ಟು ಹೀರುವಿಕೆ ಬೇಕು. ಗಾಜು, ವಿಟ್ರಿಫೈಡ್ ಟೈಲ್, ನುಣ್ಣನೆಯ ಪ್ಲಾಸ್ಟರ್ ಹೆಚ್ಚೇನೂ ಹೀರುವುದಿಲ್ಲ. ಸಂಭಾಷಣೆ ಕಲಸಿಹೋಗುತ್ತದೆ, ಆಮೇಲೆ ಪ್ರತಿ ನಟನಿಗೂ ಕಾಲರ್ ಮೈಕ್. ಸಂಗೀತಕ್ಕೆ ಹೆಚ್ಚು ಅನುರಣನ ಬೇಕಾದ್ದರಿಂದ ಎರಡೂ ನಡೆಯುವ ಮಂದಿರದ ಪಕ್ಕದ ಗೋಡೆಗಳಿಗೆ ಎಳೆಯಬಹುದಾದ ದಪ್ಪ ಪರದೆ ಹಾಕಿ. ಕೊನೆಯ ಸಾಲು ವೇದಿಕೆಯಿಂದ 20 ಮೀಟರ್ ದಾಟಿದರೆ ನಟರ ಮುಖಭಾವ ಕಾಣುವುದಿಲ್ಲ.

ವೇದಿಕೆಗೆ ಗ್ರಾನೈಟ್ ಬೇಡವೇ ಬೇಡ. ಕುಣಿಯುವವರ ಮಂಡಿ ಹಾಳಾಗುತ್ತದೆ, ಸೆಟ್ಟಿಗೆ ಮೊಳೆ ಹೊಡೆಯಲೂ ಆಗದು. ಮರದ ಅಡ್ಡಪಟ್ಟಿಗಳ ಮೇಲೆ ಎರಡು ಪದರ ಪ್ಲೈವುಡ್, ಮೇಲೆ ಹೊಳೆಯದ ಕಪ್ಪು ಬಣ್ಣ ಸಾಕು. ಪ್ರತಿ ಬದಿಯ ವಿಂಗ್ (ಪ್ರೇಕ್ಷಕರಿಗೆ ಕಾಣದ ಪಕ್ಕದ ಜಾಗ) ರಂಗದ ಬಾಯಿಯ, ಅಂದರೆ ಪ್ರೇಕ್ಷಕರಿಗೆ ಕಾಣುವ ವೇದಿಕೆಯ ತೆರವಿನ, ಅರ್ಧದಷ್ಟಾದರೂ ಅಗಲವಿರಲಿ. ಮೇಕಪ್ ಕೋಣೆಯ ಪಕ್ಕದಲ್ಲೇ ಶೌಚಾಲಯ ಇರಲಿ. ಗಾಲಿಕುರ್ಚಿಯ ರ‍್ಯಾಂಪ್ 1:12ರ ಇಳಿಜಾರಿನಲ್ಲಿ (12 ಮೀಟರ್ ಉದ್ದಕ್ಕೆ 1 ಮೀಟರ್ ಏರು) ಪ್ರೇಕ್ಷಾಗೃಹಕ್ಕಷ್ಟೇ ಅಲ್ಲ, ವೇದಿಕೆಗೂ ಹೋಗಲಿ. ನಟರೂ ಗಾಲಿಕುರ್ಚಿಯಲ್ಲಿ ಬರುತ್ತಾರೆ.

ಒಂದೇ ಪ್ರದೇಶದ ಎರಡು ಮಂದಿರಗಳನ್ನು ಒಟ್ಟಿಗೆ ಮುಚ್ಚಬೇಡಿ, ತಂಡಗಳಿಗೆ ತಾಲೀಮಿಗೂ ಜಾಗವಿಲ್ಲದಂತಾಗುತ್ತದೆ. ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿ: ಕೊನೆಯ ಕಂತು ಪಾವತಿಯಾಗುವ ಮೊದಲು ಮೈಕಿಲ್ಲದೆ ಒಂದು ಪೂರ್ತಿ ನಾಟಕ ನಡೆಯಬೇಕು, ಏಸಿ ಓಡುತ್ತಿರಬೇಕು, ಕೊನೆಯ ಸಾಲಿನಲ್ಲಿ ಕೂತವರು ಮಾತು ಕೇಳಿಸಿತೆಂದು ಬರೆದು ಸಹಿ ಹಾಕಬೇಕು.